ಹತ್ತು ಕಾಳು ಜೋಳ, ಹತ್ತು ಉಸಿರು



ಮನಸ್ಸಿನ ಏಕಾಗ್ರತೆ, ಮತ್ತು ಅದಕ್ಕೆ ಉಸಿರಾಟವೂ ಧ್ಯಾನವೂ ಹೇಗೆ ನೆರವಾಗುತ್ತವೆ ಎಂಬ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಯೋಗ ಕಲಿಸುವವನಲ್ಲ, ಡಾಕ್ಟರನೂ ಅಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೆ ಈ ವಿಷಯ ಗುಮಾಸ್ತನಿಗೆ ದೂರದ್ದೇನಲ್ಲ. ಇಡೀ ದಿನ ಅಂಕಿಯ ಮೇಲೆ ಕಣ್ಣಿಟ್ಟು ಕೂಡುವವನಿಗೆ, ಚಿತ್ತ ಯಾವ ಗಳಿಗೆಯಲ್ಲಿ ಹೇಗೆ ಜಾರುತ್ತದೆ ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ.

ಕಂಪ್ಯೂಟರು, ನೋಟು ಎಣಿಸುವ ಮಷಿನ್ನು ಇನ್ನೂ ಬಾರದ ಕಾಲದ ಮಾತು. ನೂರು ನೋಟಿನ ಒಂದು ಕಟ್ಟು ಕೈಯಲ್ಲಿದೆ. ಒದ್ದೆ ಸ್ಪಂಜಿಗೆ ಬೆರಳು ಮುಟ್ಟಿಸಿ ಕ್ಯಾಶಿಯರ್ ಎಣಿಸುತ್ತ ಹೊರಟಿದ್ದಾನೆ. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು. ಅಷ್ಟರಲ್ಲಿ ಮನೆಯಲ್ಲಿ ಎಮ್ಮೆ ಈಯುವ ದಿನ ಹತ್ತಿರ ಬಂದದ್ದು ನೆನಪಾಯಿತು. ಬೆರಳು ನಿಲ್ಲುವುದಿಲ್ಲ, ನೋಟು ಸರಿಯುತ್ತಲೇ ಇರುತ್ತವೆ, ತುಟಿಯೊಳಗೆ ಅಂಕಿಯೂ ಉರುಳುತ್ತಿರುತ್ತದೆ. ಎಣಿಸುವವನು ಮಾತ್ರ ಅಲ್ಲಿಲ್ಲ, ಎಮ್ಮೆಯ ಕೊಟ್ಟಿಗೆಯಲ್ಲಿದ್ದಾನೆ. ಒಳ್ಳೆಯ ಕ್ಯಾಶಿಯರ್ ಎಂದರೆ ಮನಸ್ಸು ಎಲ್ಲಿಗೂ ಹೋಗದವನು ಎಂದು ಹೊರಗಿನವರು ತಿಳಿಯುತ್ತಾರೆ. ಅಂಥವನನ್ನು ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಾಣಲಿಲ್ಲ. ನಾನು ಕಂಡ ಒಳ್ಳೆಯ ಕ್ಯಾಶಿಯರ್ ಮನಸ್ಸು ಹೋದದ್ದು ಅಲ್ಲೇ, ಆಗಲೇ ಗೊತ್ತಾಗುವವನು. ಗೊತ್ತಾದ ಕೂಡಲೇ ತನ್ನ ಮೇಲೆ ತಾನು ಸಿಟ್ಟಾಗದೆ, ಗಿರಾಕಿಯ ಮೇಲೂ ಸಿಟ್ಟಾಗದೆ, ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿ ಮತ್ತೆ ಒಂದರಿಂದ ಎಣಿಸುವವನು. ಗೊತ್ತಾಗದವನು ಎಣಿಸಿ ಮುಗಿಸಿ ಪಟ್ಟಿ ಹಾಕಿಬಿಡುತ್ತಾನೆ. ಸಂಜೆ ಲೆಕ್ಕ ಕೂಡುವುದಿಲ್ಲ.

ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂದು ಯಾರು ಯಾವಾಗ ಹೇಳಿಕೊಟ್ಟರೋ, ನಮ್ಮ ಮಂದಿ ಆ ಒಂದು ಮಾತಿನಿಂದಲೇ ಹೆದರಿ ದೂರ ನಿಂತಿದ್ದಾರೆ. ಎರಡು ದಿನ ಕೂತು ನೋಡುತ್ತಾರೆ, ವಿಚಾರಗಳು ಬರುತ್ತಲೇ ಇರುತ್ತವೆ, ಇದು ನನ್ನ ಕೈಲಾಗದ ಕೆಲಸ ಎಂದು ಎದ್ದುಬಿಡುತ್ತಾರೆ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನ ದೂರೂ ಇದೇ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎನ್ನುತ್ತಾನೆ. ಕೃಷ್ಣ ಅದನ್ನು ಸುಳ್ಳೆನ್ನುವುದಿಲ್ಲ, ಒಪ್ಪಿಕೊಂಡೇ ಅಭ್ಯಾಸದ ಮಾತು ತೆಗೆಯುತ್ತಾನೆ. ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕೆಂಬುದೂ ಅದೇ ಅಧ್ಯಾಯದಲ್ಲಿ ಇದೆ. ಅಮೇರಿಕದ ಹಾರ್ವರ್ಡ್ ವೈದ್ಯ ಶಾಲೆಯ ಹರ್ಬರ್ಟ್ ಬೆನ್ಸನ್ ಎಂಬ ಹೃದಯದ ಡಾಕ್ಟರು 1975ರಲ್ಲಿ ತಮ್ಮ ಪುಸ್ತಕ ಬರೆದಾಗ ಹೇಳಿದ್ದೂ ಬೇರೆಯಲ್ಲ. ಒಂದು ಶಬ್ದವನ್ನು ಉಸಿರಿನ ಜೊತೆ ಮನಸ್ಸಿನಲ್ಲೇ ಅನ್ನುತ್ತಿರಬೇಕು, ಬೇರೆ ವಿಚಾರ ಬಂದರೆ ಜಗಳವಾಡದೆ ಆ ಶಬ್ದಕ್ಕೆ ಮರಳಬೇಕು, ಇಷ್ಟೇ. ಮರಳುವುದೇ ಕಸರತ್ತು. ಪೈಲವಾನ ದಂಡ ಹೊಡೆಯುವಾಗ ಕೆಳಗೆ ಹೋದದ್ದು ಸೋಲಲ್ಲವಲ್ಲ, ಹಾಗೆ.

ಈಗ ನಮ್ಮ ಕಡೆಯ ಸಂಗತಿಗೆ ಬರುತ್ತೇನೆ. ಆಗ ಉಮರ್ಗಾ ತಾಲೂಕಿನಲ್ಲಿದ್ದು ಈಗ ಲೋಹಾರಾ ತಾಲೂಕಿಗೆ ಸೇರಿದ ಸಾಸ್ತೂರ, ಅದರ ಸುತ್ತಲಿನ ಹೋಳಿ, ರಾಜೇಗಾಂವ, ಪೇಠಸಾಂಗವಿ, ಆಚೆ ಔಸಾ ತಾಲೂಕಿನ ಕಿಲ್ಲಾರಿ, ಈ ಊರುಗಳ ಮಂದಿಯ ಮುಂದೆ ಮನಸ್ಸಿನ ಮಾತು ತೆಗೆದವನು 1993ನೇ ಇಸವಿಯನ್ನು ದಾಟಿ ಹೋಗಲಾರ. ಸೆಪ್ಟೆಂಬರ್ 29ಕ್ಕೆ ಅನಂತ ಚತುರ್ದಶಿ. ರಾತ್ರಿ ಗಣಪತಿ ಕಳಿಸಿ ಬಂದು ಮಂದಿ ಮಲಗಿದ್ದರು. 30ನೇ ತಾರೀಖು ಗುರುವಾರ ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಕಡಿಮೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮೊಳಗಟ್ಟಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು ಎಂದು ಅಜ್ಜ ಮುತ್ತಜ್ಜರು ಕಟ್ಟಿಸಿದ ಮನೆಗಳೇ ಮಲಗಿದವರ ಮೇಲೆ ಬಂದವು. ಎಲ್ಲ ಊರು ಕೂಡಿ ಎಂಟರಿಂದ ಹತ್ತು ಸಾವಿರ ಜೀವ ಹೋದವು. ಮುಂದೆ 52 ಊರುಗಳನ್ನು ಹಳೆಯ ಜಾಗ ಬಿಟ್ಟು ಹೊಸದಾಗಿ ಕಟ್ಟಬೇಕಾಯಿತು.

ಸತ್ತವರ ಲೆಕ್ಕ ಸರಕಾರ ಬರೆದುಕೊಂಡಿತು, ಬಿದ್ದ ಮನೆಯ ಲೆಕ್ಕವನ್ನೂ ಬರೆದುಕೊಂಡಿತು. ಉಳಿದವರ ಚಿತ್ತಕ್ಕೆ ಏನಾಯಿತು ಎಂಬುದಕ್ಕೆ ಯಾವ ರಜಿಸ್ಟರಿನಲ್ಲಿ ಕಾಲಂ ಇರುತ್ತದೆ? ನಾನು ಆಗ ಬೇರೆ ಊರಿನ ಶಾಖೆಯಲ್ಲಿದ್ದೆ. ಸುದ್ದಿ ತಿಳಿದು ಬಂದವನು ಆಮೇಲೆ ವಾರಕ್ಕೊಮ್ಮೆ ಬರುತ್ತಿದ್ದೆ. ಪತ್ರಾ ಶೆಡ್ಡುಗಳಲ್ಲಿ ಮಂದಿ ಇದ್ದರು. ಗಾಳಿಗೆ ಒಂದು ಪತ್ರಾ ಖಣ್ ಎಂದರೆ ಸಾಕು, ರೊಟ್ಟಿ ತಟ್ಟುತ್ತಿದ್ದ ಹೆಣ್ಣುಮಗಳು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹೊರಗೆ ಓಡುತ್ತಿದ್ದಳು. ಕಲ್ಲು ತುಂಬಿದ ಲಾರಿ ರಸ್ತೆಯಲ್ಲಿ ಹೋದರೆ ನೆಲ ಸ್ವಲ್ಪ ಅದುರುತ್ತದಲ್ಲ, ಅಷ್ಟಕ್ಕೇ ಇಡೀ ಓಣಿ ಎದ್ದು ನಿಲ್ಲುತ್ತಿತ್ತು. ಶೆಡ್ಡು ಇದ್ದರೂ ಎಷ್ಟೋ ಮಂದಿ ತಿಂಗಳುಗಟ್ಟಲೆ ಬಯಲಲ್ಲೇ ಮಲಗಿದರು. ಭೂಮಿ ಮತ್ತೆ ಮತ್ತೆ ಸಣ್ಣಗೆ ನಡುಗುತ್ತಲೂ ಇತ್ತು, ಹೀಗಾಗಿ ಹೆದರಬೇಡಿರಿ ಎಂದು ಹೇಳುವವನ ಮಾತಿಗೆ ಬೆಲೆಯೂ ಇರಲಿಲ್ಲ.

ಆ ವರ್ಷ ಹತ್ತನೆಯ ಇಯತ್ತೆಯಲ್ಲಿದ್ದ ಹುಡುಗರ ಪಾಡು ನೋಡಬೇಕಿತ್ತು. ಪುಸ್ತಕ ಬಿಚ್ಚುತ್ತಿದ್ದರು, ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದರು, ಏನು ಓದಿದೆ ಎಂದರೆ ಹೇಳಲು ಬರುತ್ತಿರಲಿಲ್ಲ. ಬುದ್ಧಿ ಮಂದವಾಯಿತು, ತಲೆ ಕೆಟ್ಟಿತು ಎಂದು ದೊಡ್ಡವರು ಗಾಬರಿಯಾದರು. ನನಗೆ ಈಗಲೂ ಅನಿಸುವುದು ಇದು. ಆ ಹುಡುಗರ ಲಕ್ಷ್ಯ ಕೆಟ್ಟಿರಲಿಲ್ಲ. ಅದು ಕಾವಲಿಗೆ ಹೋಗಿತ್ತು. ನೆಲ ಎಲ್ಲಿ ಅದುರೀತು, ಪತ್ರಾ ಎಲ್ಲಿ ಸದ್ದು ಮಾಡೀತು ಎಂದು ಹಗಲೂ ರಾತ್ರಿ ಹೊರಗೆ ನಿಂತು ಕಾಯುತ್ತಿತ್ತು. ಕಾವಲಿಗೆ ನಿಂತವನನ್ನು ಬೈದು ಒಳಗೆ ಕರೆದರೆ ಅವನು ಬರುವುದಿಲ್ಲ. ಅಪಾಯ ಸದ್ಯಕ್ಕಿಲ್ಲ ಎಂದು ಅವನಿಗೆ ತಿಳಿಯಬೇಕು, ಆಗ ತಾನಾಗಿಯೇ ಬರುತ್ತಾನೆ.

ಆ ಶೆಡ್ಡುಗಳ ನಡುವೆ ನಮ್ಮ ದೊಡ್ಡಪ್ಪ ಒಬ್ಬರಿದ್ದರು. ಹೊಲ ಮಾಡಿಕೊಂಡಿದ್ದ ಮನುಷ್ಯ, ಓದು ಅಷ್ಟಕ್ಕಷ್ಟೇ. ಆ ರಾತ್ರಿ ಅವರ ಮನೆಯಲ್ಲೂ ಇಬ್ಬರು ಹೋಗಿದ್ದರು. ಆದರೂ ದಿನಾ ಬೆಳಿಗ್ಗೆ ಮೈ ತೊಳೆದುಕೊಂಡು ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂಡುವುದನ್ನು ಬಿಡಲಿಲ್ಲ. ಓಣಿಯ ಐದಾರು ಹುಡುಗರು ಅವರ ಹತ್ತಿರ ಬಂದು ಕೂಡಲು ಶುರು ಮಾಡಿದರು. ಭಕ್ತಿಯಿಂದ ಬಂದರೆಂದು ಹೇಳಲಾರೆ. ಆ ಒಂದು ಶೆಡ್ಡಿನಲ್ಲಿ ಅಳು ಇರಲಿಲ್ಲ, ಅದಕ್ಕೇ ಬಂದರು.

ದೊಡ್ಡಪ್ಪ ಅವರಿಗೆ ಕಣ್ಣು ಮುಚ್ಚಿರಿ ಎಂದು ಹೇಳಲೇ ಇಲ್ಲ. ಮೊದಲ ದಿನ ಒಬ್ಬ ಹುಡುಗ ತಾನಾಗಿ ಮುಚ್ಚಿ, ಅರೆಗಳಿಗೆಯಲ್ಲಿ ಮೈಯೆಲ್ಲ ಬೆವತು ಎದ್ದು ಓಡಿದ್ದ. ಕಣ್ಣು ಮುಚ್ಚಿದರೆ ಆ ರಾತ್ರಿ ಎದುರಿಗೆ ಬಂದು ನಿಲ್ಲುತ್ತಿತ್ತು. ಆಗ ದೊಡ್ಡಪ್ಪ ಒಂದು ತಾಟಿನಲ್ಲಿ ಹತ್ತು ಕಾಳು ಜೋಳ ಹಾಕಿ ಪ್ರತಿಯೊಬ್ಬನ ಮುಂದೆ ಇಟ್ಟರು. ಒಂದು ಸಲ ಉಸಿರು ಒಳಗೆ ತಗೊಂಡು ನಿಧಾನ ಹೊರಗೆ ಬಿಟ್ಟರೆ ಒಂದು ಕಾಳು ಈ ಕಡೆಯಿಂದ ಆ ಕಡೆ. ಕಣ್ಣು ಕಾಳಿನ ಮೇಲೆ. ನಡುವೆ ಚಿತ್ತ ಹಾರಿ ಎಣಿಕೆ ತಪ್ಪಿದರೆ ಎಲ್ಲ ಕಾಳು ಹಿಂದಕ್ಕೆ, ಮತ್ತೆ ಒಂದರಿಂದ. ಒಬ್ಬ ಹುಡುಗ ಬೇಸತ್ತು, "ಮುತ್ಯಾ, ಮನಸ್ಸು ನಿಲ್ಲವಲ್ದು, ನಾಕರ ಮುಂದ ಹೋಗವಲ್ದು" ಎಂದ. "ನಿಲ್ಲಲಿಲ್ಲಂದ್ರ ಏನಾತೋ ತಮ್ಮಾ? ಓಡಿಹೋದದ್ದು ನಿನಗ ಗೊತ್ತಾತಿಲ್ಲೋ? ಹಂಗಾರ ಬರೋಬ್ಬರಿ ನಡದದ. ಕಾಳು ಹಿಂದಕ್ಕಿಡು" ಎಂದರು ದೊಡ್ಡಪ್ಪ.

ಇಲ್ಲೊಂದು ಮಾತು ನೆನಪಾಯಿತು. ದೊಡ್ಡಪ್ಪ ಎಣಿಸುತ್ತಿದ್ದುದು ಕನ್ನಡದಲ್ಲಿ. ಹುಡುಗರು ಎಣಿಸುತ್ತಿದ್ದುದು ಮರಾಠಿಯಲ್ಲಿ, ಯಾಕೆಂದರೆ ಶಾಲೆಯಲ್ಲಿ ಮಗ್ಗಿ ಕಲಿತದ್ದು ಆ ಭಾಷೆಯಲ್ಲಿ. ಮನೆಯಲ್ಲಿ ಕನ್ನಡ ಆಡುವ ನಮ್ಮ ಗಡಿಯ ಮಕ್ಕಳ ತಲೆಯಲ್ಲಿ ಲೆಕ್ಕ ಮರಾಠಿಯಲ್ಲೇ ಓಡುತ್ತದೆ. ಯಾವುದರಲ್ಲಿ ಎಣಿಸಬೇಕು ಎಂದು ನನ್ನನ್ನು ಕೇಳಿದವರುಂಟು. ನಿದ್ದೆಗಣ್ಣಿನಲ್ಲೂ ತಪ್ಪದೆ ಬರುವ ಭಾಷೆ ಯಾವುದೋ ಅದರಲ್ಲಿ ಎಣಿಸಿರಿ. ಉಸಿರಿಗೆ ರಾಜ್ಯದ ಗಡಿ ಇಲ್ಲ.

ಆ ಹುಡುಗರೆಲ್ಲ ಮುಂದೆ ಮೊದಲ ದರ್ಜೆಯಲ್ಲಿ ಪಾಸಾದರು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. 1994ರ ಪರೀಕ್ಷೆಯಲ್ಲಿ ಕೆಲವರು ಪಾಸಾದರು, ಒಬ್ಬ ಗಣಿತದಲ್ಲಿ ಹೋದ, ಒಬ್ಬ ಪರೀಕ್ಷೆಗೇ ಕೂಡಲಿಲ್ಲ. ಆದರೆ ಸಂಕ್ರಾಂತಿಯ ಹೊತ್ತಿಗೆ ಅವರು ಒಂದು ಪುಟ ಓದಿ ಅದರಲ್ಲೇನಿದೆ ಎಂದು ಹೇಳುವಂತಾಗಿದ್ದರು. ಲಾರಿ ಹೋದರೆ ತಲೆ ಎತ್ತಿ ನೋಡುತ್ತಿದ್ದರು, ಓಡುತ್ತಿರಲಿಲ್ಲ. ಅಷ್ಟು ನಾನು ಕಣ್ಣಾರೆ ಕಂಡದ್ದು.

ಹತ್ತು ಕಾಳು ಜೋಳಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ದೊಡ್ಡಪ್ಪನಿಗೆ ಅದನ್ನು ವಿವರಿಸಲು ಬರುತ್ತಿರಲಿಲ್ಲ. ನಾನು ನಿವೃತ್ತಿಯ ನಂತರ ಅಲ್ಲಲ್ಲಿ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ನಮ್ಮ ಒಡಲಿನೊಳಗೆ ಎಷ್ಟೋ ಕೆಲಸ ನಮ್ಮನ್ನು ಕೇಳದೆ ನಡೆಯುತ್ತವೆ. ಗುಂಡಿಗೆ ಬಡಿಯುತ್ತದೆ, ಅನ್ನ ಪಚನವಾಗುತ್ತದೆ. ನಿಲ್ಲು ಎಂದರೆ ನಿಲ್ಲುವುದಿಲ್ಲ, ನಿಧಾನ ಎಂದರೆ ಕೇಳುವುದಿಲ್ಲ. ಕೈಕಾಲು ಹಾಗಲ್ಲ, ನಾವು ಹೇಳಿದರೆ ಆಡುತ್ತವೆ. ಉಸಿರು ಈ ಎರಡರ ನಡುವಿನದು. ನಾವು ಮರೆತಾಗ ತಾನೇ ನಡೆಯುತ್ತದೆ, ನೆನೆದಾಗ ನಮ್ಮ ಮಾತನ್ನೂ ಕೇಳುತ್ತದೆ. ಮಾತು ಕೇಳದ ಗುಂಡಿಗೆಗೆ ಒಂದು ಮಾತು ಮುಟ್ಟಿಸಬೇಕಾದರೆ ಇದೇ ದಾರಿ.

ಈಗ ಕೂತಲ್ಲೇ ನೋಡಿರಿ. ಬಲಗೈಯ ಎರಡು ಬೆರಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಇಡಿರಿ. ನಾಡಿ ಸಿಕ್ಕಿತೇ? ನಿಧಾನವಾಗಿ ಉಸಿರು ಒಳಗೆ ತೆಗೆದುಕೊಳ್ಳಿರಿ. ಬಡಿತ ಸ್ವಲ್ಪ ಚುರುಕಾಗುತ್ತದೆ. ನಿಧಾನವಾಗಿ ಹೊರಗೆ ಬಿಡಿರಿ. ಬಡಿತ ಸ್ವಲ್ಪ ತಡೆದು ತಡೆದು ಬೀಳುತ್ತದೆ. ಹರೆಯದವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ, ನನ್ನ ವಯಸ್ಸಿನವರಲ್ಲಿ ಮಸುಕು. ಮಿದುಳಿನಿಂದ ಕತ್ತಿನ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ಒಂದು ದೊಡ್ಡ ನರ ಇದೆ. ಗುಂಡಿಗೆಗೆ ಲಗಾಮು ಹಾಕುವುದು ಆ ನರದ ಕೆಲಸ. ಉಸಿರು ಹೊರಗೆ ಹೋಗುವಾಗ ಆ ಲಗಾಮು ಬಿಗಿಯಾಗುತ್ತದೆ. ಹೆದರಿದವನ ಉಸಿರು ಗಿಡ್ಡ, ಮೇಲುಮೇಲಿನದು, ಎದೆಯಲ್ಲಿ ಮಾತ್ರ ಆಡುವಂಥದು. ಹೊರಗೆ ಬಿಡುವ ಉಸಿರನ್ನು ಬೇಕೆಂದೇ ಉದ್ದ ಮಾಡಿದರೆ ಒಡಲಿಗೆ ಕಾವಲು ಸಡಿಲಿಸಬಹುದೆಂಬ ಸುದ್ದಿ ಹೋಗುತ್ತದೆ. ಕಾವಲುಗಾರ ಒಳಗೆ ಬಂದ ಮೇಲೆಯೇ ಓದು.

ಸಾಮಾನ್ಯವಾಗಿ ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಇಟಲಿಯ ಪಾವಿಯಾದ ಲುಚಿಯಾನೋ ಬರ್ನಾರ್ಡಿ ಎಂಬ ವೈದ್ಯರೂ ಅವರ ಸಂಗಡಿಗರೂ 23 ಮಂದಿ ಆರೋಗ್ಯವಂತರನ್ನು ಕೂಡಿಸಿ ಒಂದು ಪ್ರಯೋಗ ಮಾಡಿದರು. 2001ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಅಚ್ಚಾಯಿತು. ಕ್ರೈಸ್ತರು ಜಪಮಾಲೆ ಹಿಡಿದು ಲ್ಯಾಟಿನ್ ಭಾಷೆಯಲ್ಲಿ ಹೇಳುವ ಮರಿಯಮ್ಮನ ಪ್ರಾರ್ಥನೆ, ಬೌದ್ಧರ ಓಂ ಮಣಿ ಪದ್ಮೇ ಹುಂ ಮಂತ್ರ, ಎರಡನ್ನೂ ಹೇಳಿಸಿ ಉಸಿರು ಅಳೆದರು. ಎರಡರಲ್ಲೂ ಉಸಿರು ಹೆಚ್ಚುಕಡಿಮೆ ನಿಮಿಷಕ್ಕೆ ಆರಕ್ಕೆ ಇಳಿದಿತ್ತು, ಗುಂಡಿಗೆಯ ಲಯವೂ ರಕ್ತದೊತ್ತಡದ ಏರಿಳಿತವೂ ಅದಕ್ಕೆ ಹೊಂದಿಕೊಂಡು ನಡೆದಿದ್ದವು. ಎಲ್ಲಿಯ ರೋಮ್, ಎಲ್ಲಿಯ ಟಿಬೆಟ್! ಇಬ್ಬರೂ ಆರಕ್ಕೇ ಬಂದು ಮುಟ್ಟಿದ್ದಾರೆ.

ಉಸಿರನ್ನು ಉಪಕರಣ ಇಟ್ಟು ಅಳೆಯುವ ಕೆಲಸ ನಮ್ಮ ಮಹಾರಾಷ್ಟ್ರದಲ್ಲೇ ಬಹಳ ಮೊದಲು ಶುರುವಾಗಿತ್ತೆಂಬುದನ್ನೂ ಹೇಳಬೇಕು. ಸ್ವಾಮಿ ಕುವಲಯಾನಂದರು ಲೋಣಾವಳಾದಲ್ಲಿ ಕೈವಲ್ಯಧಾಮ ಕಟ್ಟಿದ್ದು 1924ರಲ್ಲಿ. ಯೋಗದಲ್ಲಿ ಹೇಳಿದ್ದನ್ನು ನಂಬಿರಿ ಎನ್ನದೆ ಪ್ರಯೋಗಶಾಲೆಯಲ್ಲಿಟ್ಟು ನೋಡೋಣ ಎಂದು ಹೊರಟವರು ಅವರು. ಅದೇ ವರ್ಷ ಯೋಗ ಮೀಮಾಂಸಾ ಎಂಬ ಪತ್ರಿಕೆಯನ್ನೂ ತೆಗೆದರು. ಇಗತಪುರಿಯ ಧಮ್ಮಗಿರಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಸತ್ಯನಾರಾಯಣ ಗೋಯಂಕಾ ಅವರು ಬರ್ಮಾದಿಂದ 1969ರಲ್ಲಿ ಬಂದು ವಿಪಶ್ಯನಾ ಕಲಿಸತೊಡಗಿ, 1976ರಲ್ಲಿ ಅಲ್ಲಿ ಕೇಂದ್ರ ಮಾಡಿದರು. ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಬರೀ ಮೂಗಿನ ಬಳಿ ಉಸಿರು ಬಂದು ಹೋಗುವುದನ್ನು ನೋಡುವುದೇ ಕೆಲಸ. ಅಲ್ಲಿ ಉಸಿರನ್ನು ಉದ್ದ ಮಾಡಿ ಎನ್ನುವುದೂ ಇಲ್ಲ, ಹೇಗಿದೆಯೋ ಹಾಗೆ ನೋಡಬೇಕು.

ಅಷ್ಟು ದೂರ ಹೋಗಲಾಗದವರ ಮನೆಯಲ್ಲಿ ಏನಿದೆ ಎಂದು ನೋಡೋಣ. ನಮ್ಮ ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗ ಇದೆ. ಬಸವಕಲ್ಯಾಣ ನಮಗೆ ದೂರವಲ್ಲ, ಹನ್ನೆರಡನೆಯ ಶತಮಾನದ ಶರಣರು ನಡೆದಾಡಿದ ನೆಲದ ಮಗ್ಗುಲಲ್ಲೇ ನಾವಿದ್ದೇವೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಲಿಂಗದ ಕಪ್ಪು ಮೈಮೇಲೆ ದೀಪದ ಬೆಳಕು ಚುಕ್ಕೆಯಾಗಿ ಹೊಳೆಯುವ ಜಾಗದಲ್ಲಿ ದೃಷ್ಟಿ ನೆಟ್ಟು, ಷಡಕ್ಷರಿಯನ್ನು ಉಸಿರಿಗೆ ಹೊಂದಿಸಿ ಅನ್ನುವುದು. ಇದರಲ್ಲಿ ಏನು ಬಿಟ್ಟುಹೋಗಿದೆ ಹೇಳಿರಿ! ಹಠಯೋಗದವರು ತ್ರಾಟಕ ಎನ್ನುವ ನೋಟ ಇದೆ, ಜಪ ಇದೆ, ಉಸಿರು ಇದೆ. ಕಣ್ಣು ತೆರೆದೇ ಇರುತ್ತದೆ. ಬೆನ್ಸನ್ ಸಾಹೇಬರು ಹೇಳಿದ್ದರಲ್ಲಿ ಇಲ್ಲಿಲ್ಲದ್ದು ಒಂದೂ ಇಲ್ಲ. ಆದರೆ ಈಗ ಪೂಜೆ ಎಂದರೆ ಎರಡು ನಿಮಿಷ. ನೀರು ಹಾಕು, ವಿಭೂತಿ ಹಚ್ಚು, ಪತ್ರಿ ಏರಿಸು, ಬಸ್ಸಿಗೆ ಓಡು. ನಮ್ಮವರು ಸಾವಿರಗಟ್ಟಲೆ ರೂಪಾಯಿ ಕೊಟ್ಟು ಪುಣೆಯಲ್ಲಿ ಧ್ಯಾನದ ಕ್ಲಾಸಿಗೆ ಹೋಗುತ್ತಾರೆ, ಕೊರಳಲ್ಲಿ ಕರಡಿಗೆ ತೂಗುತ್ತಿರುತ್ತದೆ.

ಲಿಂಗಾಯತರ ಮಾತು ಮಾತ್ರ ಆಡಿದೆನೆಂದು ಬೇರೆಯವರು ಬೇಸರಿಸಬಾರದು. ಪಂಢರಪುರದ ವಾರಕರಿಗಳ ಕೈಯಲ್ಲಿ ತುಳಸಿ ಮಾಲೆ ಇದೆ, ಮುಸಲ್ಮಾನ ಬಂಧುಗಳ ಕೈಯಲ್ಲಿ ತಸಬೀ ಇದೆ. ದೇವರನ್ನು ನಂಬದವನಿಗೂ ಜೋಳದ ಕಾಳಂತೂ ಇದ್ದೇ ಇದೆ.

ಈಗ ಮಾಡುವ ಬಗೆ ಹೇಳುತ್ತೇನೆ. ಕಂಬಳಿ ಹಾಸಿ ಚಕ್ಕಳಮಕ್ಕಳ ಹಾಕಿ ಕೂಡಿರಿ, ಮೊಣಕಾಲು ನೋಯುವವರು ಕುರ್ಚಿಯಲ್ಲಿ ಕೂಡಿರಿ. ಬೆನ್ನು ನೆಟ್ಟಗಿರಲಿ, ಬಿಗಿ ಬೇಡ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಒಂದು ಎಣಿಕೆಗೆ ಒಂದು ಸೆಕೆಂಡು ಹಿಡಿಯಿರಿ. ನಾಲ್ಕು ಆರು ಕೂಡಿದರೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಬ್ಯಾಂಕಿನವನ ಲೆಕ್ಕ, ತಪ್ಪುವುದಿಲ್ಲ. ಉಸಿರು ತೆಗೆದುಕೊಳ್ಳುವಾಗ ಹೊಟ್ಟೆ ಮುಂದಕ್ಕೆ ಬರಬೇಕು. ಮಲಗಿದ ಕೂಸಿನ ಹೊಟ್ಟೆ ನೋಡಿದರೆ ತಿಳಿಯುತ್ತದೆ. ನಾಲ್ಕು ಆರು ಕಷ್ಟವಾದರೆ ಮೂರು ನಾಲ್ಕು ಇರಲಿ, ದಮ್ಮು ಕಟ್ಟುವಷ್ಟು ಎಳೆಯಬಾರದು. ಹೀಗೆ ಐದು ನಿಮಿಷ, ಮೂವತ್ತು ಉಸಿರು, ಕಾಳಿನ ಮೂರು ಸುತ್ತು. ಆಮೇಲೆ ಉದ್ದ ಮಾಡುವುದನ್ನು ಬಿಟ್ಟು ಉಸಿರನ್ನು ಅದರ ಪಾಡಿಗೆ ಬಿಟ್ಟು ಇನ್ನೈದು ನಿಮಿಷ ಬರೀ ನೋಡುತ್ತ ಕೂಡಿರಿ. ಚಿತ್ತ ಹೋಗುತ್ತದೆ. ಹೋದದ್ದು ಗೊತ್ತಾದಾಗ ಕಾಳು ಹಿಂದಕ್ಕಿಡಿರಿ.

ಮೊದಲ ವಾರ ಬೇಸರ ಬರುತ್ತದೆ, ಎಲ್ಲಿಲ್ಲದ ತುರಿಕೆ ಬರುತ್ತದೆ, ನಿದ್ದೆಯಂತೂ ತೂಗಿ ತೂಗಿ ಬರುತ್ತದೆ. ನಿದ್ದೆ ಬಂದರೆ ಕಣ್ಣು ತೆರೆದು ಕೂಡಿರಿ, ಆದರೂ ಬಂದರೆ ರಾತ್ರಿಯ ನಿದ್ದೆ ಸಾಲದೆಂದು ಅರ್ಥ. ಅದಕ್ಕೆ ಧ್ಯಾನ ಮದ್ದಲ್ಲ, ಹಾಸಿಗೆಯೇ ಮದ್ದು. ಓದುವ ಮಕ್ಕಳು ಎದ್ದ ಕೂಡಲೇ ಪುಸ್ತಕಕ್ಕೆ ಹೋಗಬೇಕು. ನಡುವೆ ಮೊಬೈಲು ಮುಟ್ಟಿದರೆ ಹತ್ತು ನಿಮಿಷದ ಗಳಿಕೆ ಒಂದೇ ಗಳಿಗೆಯಲ್ಲಿ ಖರ್ಚು. ಈಗಿನ ಮಕ್ಕಳ ಲಕ್ಷ್ಯವೂ ಒಂದು ಬಗೆಯಲ್ಲಿ ಕಾವಲಿಗೇ ಹೋಗಿದೆ. ಆ ಹುಡುಗರು ಪತ್ರಾ ಸದ್ದಿಗೆ ಕಿವಿ ಕೊಟ್ಟಿದ್ದರು, ಇವರು ಮೊಬೈಲಿನ ಟಿಣ್ ಸದ್ದಿಗೆ ಕೊಟ್ಟಿದ್ದಾರೆ. ಹೆದರಿಕೆಗೂ ಆಸೆಗೂ ಅಂತರ ಉಂಟು, ಆದರೆ ಪುಸ್ತಕದ ಮುಂದೆ ಕೂತವನು ಪುಸ್ತಕದಲ್ಲಿಲ್ಲ ಎಂಬುದು ಎರಡರಲ್ಲೂ ಒಂದೇ.

ಮಕ್ಕಳ ಏಕಾಗ್ರತೆಯ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆಯೂ ಎರಡು ಮಾತು. ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುತ್ತೇವೆ, ನಡು ಮಿದುಳು ಎಬ್ಬಿಸುತ್ತೇವೆ ಎಂದು ಶಿಬಿರ ಮಾಡಿ ತಾಯಿತಂದೆಯರಿಂದ ದೊಡ್ಡ ಫೀ ತೆಗೆದುಕೊಂಡವರು ಬಂದು ಹೋದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಅಂಥವರಿಗೆ ಸವಾಲು ಹಾಕಿ, ಮಕ್ಕಳು ನೋಡುವುದು ಮೂಗಿನ ಪಕ್ಕದ ಸಂದಿಯಿಂದ ಎಂದು ತೋರಿಸಿದರು. ಉಸಿರು ಎಣಿಸಲು ಫೀ ಬೇಕಿಲ್ಲ. ಹತ್ತು ದಿನದಲ್ಲಿ ನೆನಪಿನ ಶಕ್ತಿ ದುಪ್ಪಟ್ಟು ಎಂದು ಯಾವನಾದರೂ ಹೇಳಿದರೆ, ಹತ್ತು ದಿನದಲ್ಲಿ ಹಣ ದುಪ್ಪಟ್ಟು ಮಾಡುವವನನ್ನು ನೋಡುವ ಕಣ್ಣಿನಿಂದಲೇ ಅವನನ್ನು ನೋಡಿರಿ.

ಇನ್ನು ಎಚ್ಚರಿಕೆ. ರಕ್ತದೊತ್ತಡ, ಹೃದಯದ ಬೇನೆ ಇದ್ದವರು, ಬಸುರಿಯರು ಉಸಿರು ಬಿಗಿ ಹಿಡಿಯುವ ಕುಂಭಕವನ್ನಾಗಲಿ, ಜೋರಾಗಿ ಹೊಡೆಯುವ ಭಸ್ತ್ರಿಕಾ ಕಪಾಲಭಾತಿಗಳನ್ನಾಗಲಿ ಟಿ.ವಿ. ನೋಡಿ ಮಾಡಬಾರದು. ಡಾಕ್ಟರರನ್ನು ಕೇಳಬೇಕು. ತೀರ ಜೋರಾಗಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲಾಮ್ಲ ಕಡಿಮೆಯಾಗಿ ತಲೆ ತಿರುಗುತ್ತದೆ, ತುಟಿ ಬೆರಳು ಜುಮುಜುಮು ಎನ್ನುತ್ತವೆ. ಕುಂಡಲಿನಿ ಎದ್ದಿತೆಂದು ಅದಕ್ಕೆ ಸಂತೋಷಪಡುವವರನ್ನು ನಾನು ನೋಡಿದ್ದೇನೆ. ಎದ್ದದ್ದು ಕುಂಡಲಿನಿಯಲ್ಲ, ಸುಮ್ಮನೆ ಕೂತು ಮಾಮೂಲಿನಂತೆ ಉಸಿರಾಡಿದರೆ ಅದು ಇಳಿಯುತ್ತದೆ.

ದೊಡ್ಡ ಏಟು ತಿಂದ ಮನಸ್ಸಿನ ವಿಷಯವೇ ಬೇರೆ. 2004ರ ಡಿಸೆಂಬರಿನ ಸುನಾಮಿಯ ನಂತರ ಬೆಂಗಳೂರಿನ ವಿವೇಕಾನಂದ ಯೋಗ ಸಂಸ್ಥೆಯ ಶರ್ಲಿ ಟೆಲ್ಲಿಸ್ ಮತ್ತು ಅವರ ಸಂಗಡಿಗರು ಅಂಡಮಾನಿನಲ್ಲಿ ಬದುಕುಳಿದ 47 ಮಂದಿಗೆ ಒಂದು ವಾರ ಯೋಗ ಮಾಡಿಸಿ ನೋಡಿದರು. ಹೆದರಿಕೆ, ಕಳವಳ, ದುಃಖ, ನಿದ್ದೆಗೇಡು ಇವು ಕಡಿಮೆಯಾದುವೆಂದು ಆ ಮಂದಿಯೇ ಹೇಳಿದ್ದನ್ನು 2007ರಲ್ಲಿ ಪ್ರಕಟಿಸಿದರು. ಅದನ್ನು ಓದಿದಾಗ ನನಗೆ ದೊಡ್ಡಪ್ಪನ ತಾಟೇ ಕಣ್ಣ ಮುಂದೆ ಬಂತು. ಆದರೆ ಕಡಿಮೆಯಾಗುವುದು ಬೇರೆ, ಹೋಗುವುದು ಬೇರೆ. ಸೆಪ್ಟೆಂಬರ್ ಕೊನೆ ಬಂದರೆ ಈಗಲೂ ಮಾಡಿನ ಕೆಳಗೆ ಮಲಗಲಾರದ ಹಿರಿಯರು ನಮ್ಮ ಕಡೆ ಇದ್ದಾರೆ. ಅವರಿಗೆ ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ ಎಂದು ಉಪದೇಶ ಮಾಡಬೇಡಿರಿ. ಕಣ್ಣು ಮುಚ್ಚಿ ಕೂಡಿಸಬೇಡಿರಿ. ಕೂತಾಗ ಹಳೆಯದು ನುಗ್ಗಿ ಬಂದರೆ ಎದ್ದು ನಡೆದಾಡಲಿ, ಕಾಲು ನೆಲಕ್ಕೆ ತಾಗುವುದನ್ನು ಎಣಿಸಲಿ, ಅದೂ ಧ್ಯಾನವೇ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕು ಬೇಡವೆನಿಸುತ್ತದೆ ಎಂಬಂತಿದ್ದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ಕೇಂದ್ರ ಸರಕಾರದವರು 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಫೋನಿನ ಸೇವೆ ಶುರು ಮಾಡಿದ್ದಾರೆ. ನಂಬರು 14416. ದುಡ್ಡು ಬೀಳುವುದಿಲ್ಲ, ಮರಾಠಿಯಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಬರೆದುಕೊಳ್ಳಲಿ ಎಂದು ಮತ್ತೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

ಯಾವ ಹೊತ್ತಿನಲ್ಲಿ ಮಾಡಬೇಕು ಎಂದು ಕೇಳುತ್ತಾರೆ. ನಸುಕು ಒಳ್ಳೆಯದೆಂದು ಹಿರಿಯರು ಹೇಳಿದ್ದು ನಿಜ, ಆಗ ಗದ್ದಲ ಇರುವುದಿಲ್ಲ. ಆದರೆ ನಸುಕಿನ ನಾಲ್ಕು ಗಂಟೆ ಎಂದರೆ ನಮ್ಮ ಕಡೆಯ ಕೆಲವರಿಗೆ ಎದೆ ಹಾರುವ ಹೊತ್ತು. ಅವರು ಹೊತ್ತು ಹುಟ್ಟಿದ ಮೇಲೆ, ಬಾಗಿಲು ತೆರೆದಿಟ್ಟು ಕೂಡಲಿ. ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಒಂದು ಗಳಿಗೆ ಬಿಡುವು ಎಲ್ಲಿದೆ? ಮಧ್ಯಾಹ್ನ ಜೋಳ ಹಸನು ಮಾಡಲು ಮೊರ ಹಿಡಿದು ಕೂತಾಗ ಹತ್ತು ಕಾಳು ಬದಿಗೆ ತೆಗೆದಿಟ್ಟುಕೊಳ್ಳಬಹುದು. ಊಟವಾದ ಕೂಡಲೇ ಬೇಡ, ಒಂದೆರಡು ತಾಸು ಬಿಡಿರಿ. ದಿನಾ ಅದೇ ಜಾಗ ಅದೇ ಹೊತ್ತು ಇದ್ದರೆ ಒಳ್ಳೆಯದು, ಒಂದು ದಿನ ತಪ್ಪಿದರೆ ಮರುದಿನ ಕೂಡಿರಿ.